ಹನ್ನೊಂದು ಸೆಕೆಂಡು

ಬಾಗಿಲಿಗೆ ಕಪ್ಪು ಪರದೆ, ಕಿಟಕಿಯ ಸಂದಿಗೆ ಕಪ್ಪು ಟೇಪು.
ಮೊಬೈಲು ಹೊರಗೆ, ಕಾವಲು ಮುನಿವೆಂಕಟಪ್ಪನ ಮೇಜಿನ ಮೇಲೆ,
ಅವನ ಕಡಲೆಬೀಜದ ಪೊಟ್ಟಣದ ಪಕ್ಕ.
ಚಿಕ್ಕಬಳ್ಳಾಪುರದಲ್ಲಿ ಕ್ವಾರಿಯ ಧೂಳು ಎಲ್ಲಿಗೂ ಬರುತ್ತದೆ.
ಗಾಜಿನ ಮೇಲೆ ಕೂತ ಒಂದೇ ಒಂದು ಕಣ ಸಾಕು,
ಸುಳ್ಳು ನಕ್ಷತ್ರವಾಗಿ ಹೊಳೆದು ರಾತ್ರಿಯನ್ನೆಲ್ಲ ಕೆಡಿಸುತ್ತದೆ.
ಅದಕ್ಕೇ ಮೂರು ಸಲ ತೊಳೆಯುತ್ತೇನೆ:
ಆಮ್ಲದಲ್ಲಿ, ಕ್ಷಾರದಲ್ಲಿ,
ಆಮೇಲೆ ಬರೀ ನೀರಿನಲ್ಲಿ, ನನ್ನ ಅನುಮಾನಕ್ಕೆ.

ಗಾಜಿಗೆ ಅಂಟಿಸಿರುವುದು ಕ್ಷಯದ ರೋಗಾಣುವಿನ ಪ್ರೋಟೀನು.
ಸೀಸೆಯಲ್ಲಿ ಮದ್ದು, ಬಾಲಕ್ಕೆ ಬಣ್ಣ ಕಟ್ಟಿದ್ದು.
ಒಂದು ಪಾಲು ತೆಗೆದು ಸಾವಿರ ಪಾಲು ನೀರಿಗೆ,
ಅದರಲ್ಲೊಂದು ಪಾಲು ಮತ್ತೆ ಸಾವಿರಕ್ಕೆ,
ಮತ್ತೆ.
ಹಾಲಿಗೆ ಹೀಗೆ ನೀರು ಬೆರೆಸಿದ್ದರೆ
ಡೈರಿಯವರು ಕ್ಯಾನು ಸಮೇತ ವಾಪಸು ಕಳಿಸುತ್ತಿದ್ದರು.
ಇಲ್ಲಿ ತೆಳುವೇ ಬೇಕು.
ಒಂದರ ಬೆಳಕು ಇನ್ನೊಂದರ ಮೇಲೆ ಬೀಳಬಾರದು.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಅಬ್ಬಾ ಕೈಯಲ್ಲೊಂದು ಚೀಟಿ ಹಿಡಿದು ನಿಂತಿರುತ್ತಿದ್ದರು.
ಲಾಟಿಗೆ ಒಂದೇ ದರ.
ಬೆಳ್ಳಗೆ ಗಟ್ಟಿಯಾದ ಗೂಡಿಗೂ ಅದೇ,
ಒಳಗೆ ಹುಳ ಕೊಳೆತು ಕಲೆ ಬಿಟ್ಟದ್ದಕ್ಕೂ ಅದೇ.
ಮದ್ದುಗಳನ್ನೂ ಹಾಗೆಯೇ ತೂಗಿದ್ದೇವೆ ಇಷ್ಟು ದಿನ,
ಕೋಟಿ ಕೋಟಿ ಒಟ್ಟಿಗೆ ಸುರಿದು, ಒಂದು ಸಂಖ್ಯೆ ಬರೆದು.
ಯಾವುದು ಅಂಟಿ ಕೂತಿತು, ಯಾವುದು ಬಾಗಿಲು ತಟ್ಟಿ ಹೊರಟಿತು
ಎಂದು ಯಾರು ಕೇಳಿದರು?

ಅಮ್ಮಿಗೆ ಗೊತ್ತಾಗುತ್ತಿತ್ತು.
ಕುದಿಯುವ ಬೇಸಿನ್ನಿನಲ್ಲಿ ಗೂಡುಗಳು ತೇಲಿ ತಿರುಗುವಾಗ
ಬೆರಳಾಡಿಸಿ ಒಂದೊಂದರ ತುದಿ ಹಿಡಿಯುತ್ತಿದ್ದಳು.
ಹಬೆಯಲ್ಲಿ ಕಾಣುವುದೇನು, ಮಣ್ಣು?
ತಾಗುವುದು, ಅಷ್ಟೆ.
ಎಂಟು ಎಳೆ ಸೇರಿ ಒಂದು ನೂಲಾಗಿ ಓಡುವಾಗ
ಒಂದು ಕಡಿದರೆ ತಲೆ ಎತ್ತದೆ ಹೇಳುತ್ತಿದ್ದಳು,
"ಏಳಾಯಿತು."

ಮೊನ್ನೆ ರೇಷನ್ ಅಂಗಡಿಯಲ್ಲಿ ಯಂತ್ರ ಅವಳನ್ನು ಗುರುತಿಸಲಿಲ್ಲ.
ಹೆಬ್ಬೆರಳು ಇಟ್ಟಳು, ಕೆಂಪು ದೀಪ.
ಸೆರಗಿಗೆ ಒರೆಸಿ ಇಟ್ಟಳು, ಕೆಂಪು.
"ಇನ್ನೊಂದು ಬೆರಳು ಕೊಡಮ್ಮಾ."
ಹತ್ತೂ ಮುಗಿದವು.
ಮೂವತ್ತು ವರ್ಷ ಬಿಸಿನೀರು ಕುಡಿದ ಬೆರಳುಗಳು,
ಗೆರೆಯಿಲ್ಲದೆ, ನುಣ್ಣಗೆ, ಮಗುವಿನ ಕೆನ್ನೆಯ ಹಾಗೆ.
ಕಮರುನ್ನಿಸಾ ಎಂಬ ಹೆಸರು ಪರದೆಯ ಮೇಲಿತ್ತು,
ಕಮರುನ್ನಿಸಾ ಪರದೆಯ ಮುಂದಿದ್ದಳು.
ನಾನು ಖಾಲಿ ಚೀಲ ಹಿಡಿದು ಹಿಂದೆ ನಿಂತಿದ್ದೆ.

ಲೇಸರು ಹಚ್ಚಿದೆ. ಹಸಿರು.
ಕ್ಯಾಮೆರಾ ಸೊನ್ನೆಗಿಂತ ಎಪ್ಪತ್ತು ಕೆಳಗೆ ನಡುಗದೆ ಕೂತಿದೆ.
ಕತ್ತಲು, ಕತ್ತಲು, ಎರಡು ಗಂಟೆ ಹತ್ತು ನಿಮಿಷ,
ಮೂಲೆಯಲ್ಲಿ ಒಂದು ಚುಕ್ಕಿ.

ಬಂತು. ಕೂತಿತು.
ಒಮ್ಮೆ ಕಣ್ಣು ಮಿಟುಕಿಸಿತು, ಇಲ್ಲವಾಯಿತು ಅಂದುಕೊಂಡೆ, ಇತ್ತು.
ಹನ್ನೊಂದು ಸೆಕೆಂಡು.
ಆಮೇಲೆ ಮೆಟ್ಟಿಲಿಳಿಯದೆ, ಮಂಕಾಗದೆ,
ಒಂದೇ ಏಟಿಗೆ ಇಲ್ಲ.

ಹೋಯಿತೋ? ಸತ್ತಿತೋ?
ಪ್ರೋಟೀನಿನ ಕೈ ಬಿಡಿಸಿಕೊಂಡು ನೀರಿಗೆ ಹೊರಟಿತೋ,
ಇಲ್ಲ, ಇನ್ನೂ ಅಲ್ಲೇ ಕೂತಿದೆಯೋ, ಬಣ್ಣ ಮಾತ್ರ ಸುಟ್ಟುಹೋಗಿ?
ಕತ್ತಲು ಎರಡಕ್ಕೂ ಒಂದೇ.
ಪ್ರತಿ ಬಣ್ಣಕ್ಕೂ ಇಷ್ಟೇ ಬೆಳಕು ಎಂದು ಲೆಕ್ಕವಿದೆಯಂತೆ,
ನೋಡಿದಷ್ಟೂ ಸವೆಯುತ್ತದೆ.

ಹೊರಗೆ ಬಂದೆ. ಮುನಿವೆಂಕಟಪ್ಪ ಎದ್ದು ಕೂತ.
"ಏನಾದ್ರೂ ಕಾಣಿಸ್ತಾ, ಮೇಡಮ್ಮಾ?"
"ಒಂದು."
"ಇಷ್ಟೊತ್ತಿಗೆ ಒಂದೇನಾ?"
"ಒಂದೇ."
ಅವನು ಸಿಪ್ಪೆ ಒಡೆದು ನೋಡಿದ, ಒಳಗೆ ಬೀಜವಿರಲಿಲ್ಲ,
ಇನ್ನೊಂದು ಒಡೆದ.

ದಾಖಲೆ ಪುಸ್ತಕದಲ್ಲಿ ಬರೆದೆ: ೧೧.೨ ಸೆಕೆಂಡು.
ಷರಾ ಕಾಲಮಿನಲ್ಲಿ "ಹೋಯಿತು" ಎಂದು ಬರೆದು
ಪಕ್ಕಕ್ಕೊಂದು ಪ್ರಶ್ನಾರ್ಥಕ ಇಟ್ಟೆ.
ಆಮೇಲೆ ಲೇಸರನ್ನು ಅರ್ಧಕ್ಕಿಳಿಸಿದೆ.
ಕಡಿಮೆ ಬೆಳಕಿನಲ್ಲಿ ಹೆಚ್ಚು ಹೊತ್ತು ಇದ್ದರೆ
ಕೊಂದದ್ದು ನಾನು,
ಅಷ್ಟೇ ಹೊತ್ತು ಇದ್ದರೆ ತಾನಾಗಿ ಹೋದದ್ದು.

ಈಗ ಕಾಣುವುದು ಕಷ್ಟ.
ಹಬೆಯ ಮುಂದೆ ಕೂತವರ ಹಾಗೆ
ಕಣ್ಣು ಕಿರಿದು ಮಾಡಿ ಕೂತಿದ್ದೇನೆ,
ಇನ್ನೊಂದಕ್ಕೆ.