ಕಚ್ಚಾ ಹೊಲಿಗಿ

ಧಾಯರಿಯ ಈ ಗಲ್ಲಿಯಾಗ ನಂದು ಫಾಲ್-ಪಿಕೋ ಅಂಗಡಿ.
ಎದುರಿಗೆ ಖಾಸನೀಸರ ಪತ್ರಾಶೆಡ್ಡು,
ಮೊದಲು ಅದರಾಗ ಒಂದು ಕೆಟ್ಟ ಸ್ಕೂಟರ್ ಇತ್ತು,
ಈಗ ಹದಿನೇಳು ಹಾಳಿ ಪ್ಲೈವುಡ್ಡು.

ಪೋಸ್ಟಿನ ನೌಕರಿ ಮುಗಿಸಿದಾಂವ, ಸಮುದ್ರಕ್ಕ ನೂರು ಮೈಲಿ ದೂರ
ಹಾಯಿದೋಣಿ ಕಟ್ಟತೇನಂದ್ರ ಯಾರು ನಗೂದಿಲ್ಲ?
ನಾನೂ ನಕ್ಕೆ.
ಒಂದಿನ ನಕಾಶಿ ಬಗಲಾಗ ಹಿಡಕೊಂಡು ಬಂದ್ರು:
“ಬಾಯೀ, ಇದನ್ನ ಹೊಲಿಯೂದೈತಿ.”
ಹಾಯಿ ಇರಬೇಕಂದೆ.
ಹಾಯಿ ಅಲ್ಲ, ದೋಣೀನೇ.

ಟೇಬಲ್ ಮ್ಯಾಲ ಹಾಸಿದಾಗ ಕಂಡಿತು:
ಒಳ್ಳೆ ಬ್ಲೌಸಿನ ಕಾಗದದ ಕಟಿಂಗು! ಇಲ್ಲಿ ಬಗಲು, ಇಲ್ಲಿ ಡಾರ್ಟು,
ಚಪ್ಪಟಿ ಇದ್ದದ್ದು ಮೈದುಂಬಿ ನಿಲ್ಲೂ ಜಾಗಾ ಇಲ್ಲಿ.
ಮೂವತ್ತು ವರ್ಷ ನಾ ಮಾಡಿದ್ದು ಇದನ್ನ ಅಲ್ಲೇನು?

ಅವರು ತೂತು ಹೊಡದ್ರು, ನಾ ತಾಮ್ರದ ತಂತಿ ಪೋಣಿಸಿದೆ,
ಗೇಣಿಗೊಂದು ಟಾಕಿ, ಇಕ್ಕಳದಿಂದ ತಿರುವಿ.
ಮೂಗಿನ ಕಡೆ ಹಲಗಿ ಬಗ್ಗಲೊಲ್ಲದು;
ಒಂದು ಹಾಳಿ ಚಟ್ ಅಂತ ಸೀಳಿತು.
ಖಾಸನೀಸರು ಅವತ್ತು ಚಾ ಕುಡೀಲಿಲ್ಲ.
ಮರುದಿನ ನಾನೇ ಹೇಳಿದೆ: ಗಂಜಿ ಹಾಕಿದ ಅರಿವಿಗೆ
ನೀರು ಚಿಮುಕಿಸದ ಇಸ್ತ್ರಿ ಹಿಡೀತಾರೇನ್ರಿ?
ಹಳೇ ಟಾವೆಲ್ ಹೊದಿಸಿ, ಕುದಿಯೂ ನೀರು ಸುರುವಿ,
ಇಬ್ಬರೂ ತುದಿ ಒತ್ತಿ ಹಿಡದು ನಿಂತ್ವಿ.
ಬಗ್ಗಿತು, ಅತ್ತು ದಣಿದ ಕೂಸಿನ ಕುತ್ತಿಗಿ ಹಂಗ.

ಅಂಟಿನ ವಾಸನಿಗೆ ಮ್ಯಾಲಿನ ಮನಿಯವರು ಕಿಟಕಿ ಮುಚ್ಚಿದ್ರು,
ನನ್ನ ಗಿರಾಕಿ ಇಬ್ಬರು ಬ್ಯಾರೆ ಅಂಗಡಿ ಹಿಡದ್ರು.
ಅಂಟು ಒಣಗಿತು. “ತಂತಿ ಎಲ್ಲಾ ಕೀಳ್ರಿ” ಅಂದ್ರು.
ಎದಿ ಧಸಕ್ ಅಂತು. ಎಂಟುನೂರಾ ನಲವತ್ತು ಟಾಕಿ,
ಬೆರಳ ತುದಿ ಇನ್ನೂ ಮಾದಿಲ್ಲ.
“ಕಚ್ಚಾ ಹೊಲಿಗಿ ಅಲ್ಲೇನು ಬಾಯೀ?”
ದಿನಾ ಹುಡುಗ್ಯಾರಿಗೆ ನಾ ಹೇಳಿಕೊಡೂ ಮಾತು
ನನಗ ಹೇಳಿದ್ರು.
ತಂತಿ ಭಂಗಾರದಾಂವ ತೂಕಕ್ಕ ಒಯ್ದ.

ಖಡಕವಾಸಲಾ ಕೆರಿಯಾಗ ಇಳಿಸಿದ ದಿನ
ನನ್ನನ್ನೂ ಕೂಡಿಸಿದ್ರು. ಈಜು ಬರೂದಿಲ್ಲ,
ಸೆರಗು ಸೊಂಟಕ್ಕ ಸಿಗಿಸಿ ಕುಂತೆ, ಹಾಯಿ ಕಡೆ ನೋಡಲೇ ಇಲ್ಲ.
ಬಣ್ಣದ ಕೆಳಗ ತೂತಿದ್ದ ಜಾಗಾ ಹೆಬ್ಬಟ್ಟಿಲೆ ಹುಡುಕಿದೆ.
ಆಚಿಕಡೆ ನೀರು,
ಕಿರಿಕಿರಿ ಗಿರಾಕಿ ಹಂಗ,
ಅಂಚು ಎತ್ತಿ ಎತ್ತಿ ಹೊಲಿಗಿ ತಪಾಸ ಮಾಡತಿತ್ತು.

ಮಾಡಲಿ.