ನಾಲ್ಕು ತಾಸಿನ ಸೀಸೆ

ಶಹಾಬಾದಿನ ಆಚೆ, ಏಳನೇ ನಂಬರ ಖಣಿ.
ಫರ್ಸಿ ಸೀಳಿ ಸೀಳಿ ನೆಲ ಮೆಟ್ಟಿಲು ಮೆಟ್ಟಿಲಾಗಿ ಇಳದದ,
ತಳದಾಗ ಮಳಿಯ ಹಸರು ನೀರು ಇನ್ನೂ ಅದ.
ಮ್ಯಾಲೆ ಬೇವಿನ ಬುಡಕ ನನ್ನ ನೀಲಿ ಡಬ್ಬಿ,
ಒಳಗ ನಾಕು ಬರ್ಫಿನ ಇಟ್ಟಿಗಿ,
ನಡುವ ಮಲಗ್ಯಾವ ಹೆಬ್ಬಟ್ಟಿನಷ್ಟು ಸೀಸೆಗಳು.

ಎಂಟೂವರಿಗೆ ಬಂದಾಕಿ ಹತ್ತರ ತನಕ ಕೂತೆ.
ಒಂದು ನಾಯಿ ಬಂದು ಮೂಸಿ ಹೋತು.

ಆಮ್ಯಾಲೆ ಖಾಜಾಬೀ.
ಬಗಲಾಗ ಮೊಮ್ಮಗ ಮಹಮೂದ, ಹದಿನೆಂಟು ತಿಂಗಳು.
ಕಾರ್ಡ್ ಇಲ್ಲ.
"ಮಳಿಗಾಲಕ್ಕ ಖಣಿ ತುಂಬ್ತದ, ಹೈದರಾಬಾದಿಗಿ ಹೋಗ್ತೀವಿ.
ಈ ಸಲ ಕಾರ್ಡ್ ಅಲ್ಲೇ ಉಳೀತು, ನಾವೇ ಕಟ್ಟಿದ ಬಿಲ್ಡಿಂಗಿನಾಗ.
ಯಾವ ಮಜಲ್ಯಾಗ ಅಂತ ಹುಡುಕಲಿ?"

ಅಂಗಿ ಜರುಗಿಸಿ ನೋಡಿದೆ.
ಎಡತೋಳಿನ ಮ್ಯಾಲೆ ಜ್ವಾಳದ ಕಾಳಿನಷ್ಟು ಕಲೆ,
ಹುಟ್ಟಿದಾಗ ನನ್ನಂಥಾಕಿ ಯಾರೋ ಹಾಕಿದ ರುಜು.
"ಮತ್ತ ತೊಡಿಗಿ?"
"ಒಮ್ಮೆ. ಅವತ್ತು ರಾತ್ರಿ ಜ್ವರ ಬಂತು, ಇವರಪ್ಪ ನನಗ ಬೈದ."
ಆಶಾ ನಾಗಿಂದ್ರಮ್ಮನ ಹಳೇ ವಹಿಯಾಗ
ಚಹಾದ ಕಲೆಯ ಕೆಳಗ ಆ ಬೈಗಳದ ತಾರೀಖು ಸಿಕ್ತು.
"ಹಂಗಾರ ಮತ್ತ ಮೊದಲಿಂದನಾ?"
ಆಕಿಯ ಮಾರಿ ಸಣ್ಣದಾತು.
ಇಲ್ಲ ಖಾಜಾಬೀ, ಇದು ಮಗ್ಗಿ ಅಲ್ಲ,
ನಡುವ ತಪ್ಪಿದ್ರ ಒಂದೊಂದ್ಲಿಂದ ಒದರ್ಲಾಕ.
ಕೌದಿ ಹೊಲದಂಗ,
ಬಿಟ್ಟಲ್ಲೇ ಸೂಜಿ ಚುಚ್ಚೋದು.

ಆದ್ರ ದಡಾರದ ಸೀಸೆ ಐದು ಮಕ್ಕಳದ್ದು.
ಪುಡಿಗಿ ನೀರು ಬೆರೆಸಿದ ಮ್ಯಾಲೆ ನಾಕು ತಾಸು,
ಆಮ್ಯಾಲೆ ಉಳಿದದ್ದು ದಂಡ.
"ಒಂದೇ ಕೂಸಿಗಿ ಒಡದ್ರೇನ್ರಿ?" ಅಂತ
ಮೀಟಿಂಗಿನಾಗ ಕೇಳಿದ್ದ ಒಂದು ದನಿ
ಬಾಡಿಗಿ ಕೊಡದ ನನ್ನ ಕಿವ್ಯಾಗ ಮನಿ ಮಾಡ್ಯದ.
ಒಂದೇ ಇದ್ರೂ ಒಡಿ ಅಂತದ ನಿಯಮ,
ಲೆಕ್ಕ ಕೊಡು ಅಂತದ ಆ ದನಿ.
ಮಹಮೂದ ನನ್ನ ಬಳಿ ಹಿಡದು ಎಳದ.
ಟಕ್.
ಮುಚ್ಚಳ ತೆಗದೆ. ಹತ್ತೂ ಹತ್ತು.

ನಾಲಿಗಿಗಿ ಎರಡು ಹನಿ,
ಎಡ ತೊಡಿಗಿ ಒಂದು, ಬಲ ತೋಳಿಗಿ ಒಂದು.
ಅವನ ಅಳು ಖಣಿಯ ನಾಕೂ ಗ್ವಾಡಿಗಿ ಬಡದು ತಿರುಗಿ ಬಂತು,
ನಾಕು ಕೂಸು ಅತ್ತಂಗ.
ಸೀಸೆಯಾಗ ಉಳಿದದ್ದೂ ನಾಕೇ.

"ನಾಕು ವಾರ ಬಿಟ್ಟು ಮತ್ತ ಬರಬೇಕು" ಅಂದೆ.
ಖಾಜಾಬೀ ಸೆರಗಿಗಿ ನಾಕು ಗಂಟು ಹಾಕಿದ್ಳು,
ಹೊಸ ಕಾರ್ಡ್ ಕುಪ್ಪಸದಾಗ ಇಟ್ಳು, ರೊಕ್ಕದ ಸಂಗಡ.

ವಡ್ಡರ ತಿಪ್ಪವ್ವ ಸುತ್ತಿಗಿ ಕೆಳಗಿಡಲಿಲ್ಲ.
"ಇವತ್ತಿನ ಕೂಲಿ ನೀ ಕೊಡ್ತೀಯೇನು?"
ಆಕಿ ಮ್ಯಾಲೆ ಬರಲಿಲ್ಲ, ಡಬ್ಬಿನೇ ಕೆಳಗ ಇಳೀತು
ಮೂವತ್ತು ಮೆಟ್ಟಿಲು.
ನಾಗಿಂದ್ರಮ್ಮ ಕೂಸು ಹಿಡದ್ಳು, ನಾ ಸೂಜಿ ಹಿಡದೆ,
ತಿಪ್ಪವ್ವ ಒಂದೇ ಒಂದು ಏಟು ತಪ್ಪಿಸಿ ನೋಡಿದ್ಳು.

ಲಾರಿ ಡ್ರೈವರ್ ಮಸ್ತಾನ ಬಾಗಲಾಗೇ ನಿಂತ:
"ಆಯಿತ್ವಾರ ಪೋಲಿಯೋ ಹಾಕ್ಸೇವಿ, ಮತ್ಯಾಕ?"
ನಿನ್ನ ಲಾರಿಗಿ ಒಂದೇ ಬಾಗಲ ಕೀಲಿ ಹಾಕಿ
ಇನ್ನೊಂದು ಬಿಟ್ಟು ಮಲಗ್ತೀಯೇನು?
ನಕ್ಕ. ಒಳಗ ಹೋಗಿ ಮಗಳನ್ನ ತಂದ.
ಪಕ್ಕದ ಮನಿಯಾಕಿ ತಾನಾಗೇ ತನ್ನ ಮಗನ್ನ ತಂದ್ಳು,
"ನಂದೂ ಬಾಕಿ ಅದ" ಅಂತ, ರೇಷನ್ ಸಾಲಿನಾಗ ನಿಂತಂಗ.

ಐದನೇ ಮನಿ ಸಾಬಣ್ಣಂದು.
ಕೀಲಿ.
ಕೀಲಿ ಮ್ಯಾಲೆ ಫರ್ಸಿಯ ಬಿಳಿ ಧೂಳು,
ಬೆರಳಿಟ್ರ ಬೆರಳಿನ ಗುರುತು.
ಎರಡು ವರ್ಷದ ಗೌರಿ ಎಲ್ಲಿ ಅದಾಳ,
ಯಾವ ಊರು, ಎಷ್ಟನೇ ಮಜಲಿ?

ಎರಡೂ ಹತ್ತು.
ತಳದಾಗ ಎಲಿ ಮ್ಯಾಲಿನ ಹನಿಯಷ್ಟು ಉಳದದ.
ಸೀಸೆ ಬ್ಯಾರೆ ಚೀಲಕ್ಕ ಹಾಕಿದೆ,
'ದಂಡ' ಅನ್ನೋ ಕಾಲಮಿನಾಗ ಒಂದು ಅಂತ ಬರದೆ.
ಆ ಒಂದಕ್ಕ ಹೆಸರು ಬರೀಲಾಕ ಜಾಗ ಬಿಟ್ಟಿಲ್ಲ.
ಅದಕ್ಕ ಅಂಚಿನಾಗ, ಪೆನ್ಸಿಲ್ಲೀಲೆ:
ಗೌರಿ, ಸಾಬಣ್ಣನ ಮಗಳು.
ದೀಪಾವಳಿಗಿ ಬಂದ್ರೂ ಬರಬಹುದು.