ಸಾವಿರ ಮೈಕ್ರೊಫ್ಯಾರಡ್

ಮಧ್ಯಾಹ್ನ ಹೋದ ಕರೆಂಟು
ರುಫಿಸ್ಕಿಗೆ ಸಂಜೆ ಬಂತು, ಬಂದದ್ದೇ ಬಂತು,
ಬೀದಿಯ ಬಲ್ಬುಗಳೆಲ್ಲ ಒಮ್ಮೆ ಬೆಳ್ಳಗೆ ಉರಿದು
ಹಳದಿಗೆ ಇಳಿದವು.
ಮಕ್ಕಳು ಕೂಗಿದರು. ನಾನೂ ಕೂಗಿದೆ.
ನನ್ನ ಫ್ರಿಜ್ ಮಾತ್ರ ಸುಮ್ಮನಿತ್ತು.

ಬಾಗಿಲು ತೆಗೆದರೆ ದೀಪವಿದೆ, ತಂಪಿಲ್ಲ.
ಬೆನ್ನಲ್ಲಿ ಟಿಕ್, ಟಿಕ್, ಟಿಕ್
ಗಂಟಲಲ್ಲಿ ಸಿಕ್ಕ ಮಾತು
ಆಡಲೋ ಬೇಡವೋ ಎನ್ನುವ ಹಾಗೆ.

ಒಳಗೆ ಇನ್ನೂರು ಪೊಟ್ಟಣ ಬಿಸ್ಸಾಪ್:
ಪುಂಡಿ ಹೂವಿನ ಕೆಂಪು ಪಾನಕ, ಪುದೀನ ಕಿವುಚಿದ್ದು,
ಕಲ್ಲಾಗಿಸಿ ಶಾಲೆಯ ಗೇಟಲ್ಲಿ ಮಾರುವುದು,
ಒಂದಕ್ಕೆ ಐವತ್ತು ಫ್ರಾಂಕ್.
ಬೆಳಗಾಗುವಷ್ಟರಲ್ಲಿ ಎಲ್ಲ ನೀರು.
ವಠಾರದ ಹುಡುಗರು ಬಿಟ್ಟಿ ಕುಡಿದು
ನಾಲಗೆ ಚಾಚಿ ಒಬ್ಬರಿಗೊಬ್ಬರು ತೋರಿಸಿಕೊಂಡರು.

ಲಂಸಾನಾ ಬಂದ. ಫ್ರಿಜ್ಜಿನ ಬೆನ್ನಿಗೆ ಕಿವಿಯಿಟ್ಟ.
"ಕಂಪ್ರೆಸರ್ ಸತ್ತಿದೆ ಪೆಂಡಾ.
ಎಪ್ಪತ್ತು ಸಾವಿರ. ಇಲ್ಲ, ಹೊಸದು ತಗೋ."
ಮೂರು ಸುತ್ತಿನ ಚಹಾ ಮುಗಿಸಿ ಎದ್ದ.
ಎಪ್ಪತ್ತು ಸಾವಿರ ಎಂದರೆ ಎಷ್ಟು ಪೊಟ್ಟಣ ಎಂದು
ಅತ್ತೆ ಬೆರಳು ಮಡಿಸತೊಡಗಿದಳು.
ನಾನು ಸ್ಕ್ರೂಡ್ರೈವರ್ ಹುಡುಕತೊಡಗಿದೆ.

ಎಂಟು ಸ್ಕ್ರೂ. ಏಳು ಬಂದವು.
ಎಂಟನೆಯದು ಉಪ್ಪುಗಾಳಿ ತಿಂದು ತಲೆ ಕಳಕೊಂಡಿತ್ತು,
ತಗಡನ್ನೇ ಬಗ್ಗಿಸಿದೆ.
ಒಳಗೆ ಅಂಗೈಯಗಲದ ಹಸಿರು ಹಲಗೆ,
ಹಲ್ಲಿಮೊಟ್ಟೆಯ ಎರಡು ಚಿಪ್ಪು, ಎರಡು ವರ್ಷದ ದೂಳು,
ಸಾಲಾಗಿ ನಿಂತ ಪುಟ್ಟ ಪುಟ್ಟ ಡಬ್ಬಿ.
ಒಂದರ ತಲೆ ಉಬ್ಬಿತ್ತು.

ನಾನು ಓದಿದ್ದು ನಾಲ್ಕನೆಯ ಕ್ಲಾಸು.
ಆದರೆ ಉಬ್ಬಿದ ಟೊಮೇಟೊ ಡಬ್ಬಿಯನ್ನು
ಅಂಗಡಿಯಲ್ಲಿ ಎಂದೂ ಕೈಗೆತ್ತಿಕೊಂಡವಳಲ್ಲ.
ಅಯ್ಯೋ ಲಂಸಾನಾ,
ಎತ್ತಿಗೆ ಜ್ವರ, ನೀನು ಬರೆ ಎಳೆಯಹೊರಟದ್ದು ಎಮ್ಮೆಗೆ.

ಪಕ್ಕದಲ್ಲೇ ಒಂದು ದಪ್ಪನೆಯದು, ನಾನೂರು ವೋಲ್ಟಿನದು.
ಪ್ಲಗ್ ಕಿತ್ತರೂ ಅದರ ಸಿಟ್ಟು ಇಳಿಯುವುದಿಲ್ಲವಂತೆ,
ಫೋನ್ ರಿಪೇರಿ ಮಾಡುವ ಚೆರ್ನೊ ಹೇಳಿದ್ದ,
ನನ್ನಕ್ಕನ ಮಗ.
ಬಲ್ಬಿನ ಎರಡು ತಂತಿ ಅದರ ಕಾಲಿಗೆ ಮುಟ್ಟಿಸಿದೆ.
ಒಂದು ಚಿಟಿಕೆ ಬೆಳಕು. ಆರಿತು.
ಈಗ ಮುಟ್ಟಬಹುದು.

ಕೊಲೊಬಾನ್ ಸಂತೆಯಲ್ಲಿ ಬಿರಾನ್
ಸತ್ತ ಟೀವಿಗಳ ಕರುಳು ಹರವಿಕೊಂಡು ಕೂತಿದ್ದ.
"ಸಾವಿರ ಮೈಕ್ರೊಫ್ಯಾರಡ್, ಹದಿನಾರು ವೋಲ್ಟು."
"ಹದಿನಾರಿಲ್ಲ, ಇಪ್ಪತ್ತೈದಿದೆ.
ವೋಲ್ಟು ಸಂಬಳವಿದ್ದ ಹಾಗೆ ಅಕ್ಕ,
ಹೆಚ್ಚಿದ್ದರೆ ಯಾರಿಗೇನು ನಷ್ಟ?"
ಒಂದು ಸಾಕೆಂದೆ. ಜೋಡಿ ಮಾತ್ರ ಎಂದ.
ಚೌಕಾಸಿ ಮಾಡಿದೆ, ಬೈದೆ, ಜೋಡಿಯನ್ನೇ ತಂದೆ.

ಚೆರ್ನೊ ಬೆಸುಗೆಯ ಕಡ್ಡಿ ಕೊಟ್ಟ, ತಾನು ಬರಲಿಲ್ಲ.
"ಕೈ ನಡುಗಿದರೆ ಉಸಿರು ಬಿಡು ಚಿಕ್ಕಮ್ಮ" ಎಂದ.
ಉಸಿರು ಬಿಟ್ಟೆ. ಸೀಸ ಕರಗಿತು,
ಹಳೆಯದು ಹಲ್ಲಿನ ಹಾಗೆ ಅಲುಗಿ ಕಳಚಿತು.
ಹೊಸದನ್ನು ಕೂರಿಸಿದೆ. ಪ್ಲಗ್ ಹಾಕಿದೆ.

ಟಪ್!

ಒಣಮೀನು ಸುಟ್ಟ ವಾಸನೆ.
ಅತ್ತೆ ಬಾಗಿಲಾಚೆ ಬಿಸ್ಮಿಲ್ಲಾ ಅಂದಳು,
ಆಮೇಲೆ ಇನ್ನೇನೋ ಅಂದಳು, ಅದು ಪ್ರಾರ್ಥನೆಯಲ್ಲ.
ಬಿಳಿ ಪಟ್ಟಿಯಿದ್ದ ಮಗ್ಗುಲು ಋಣವಂತೆ.
ನಾನು ಋಣವನ್ನು ಧನದ ಕಡೆ ಕೂರಿಸಿದ್ದೆ.
ಜಗತ್ತಿನಲ್ಲಿ ಎಷ್ಟೋ ಜನ ಹಾಗೇ ಬದುಕುತ್ತಾರೆ,
ಈ ಡಬ್ಬಿಗೆ ಆಗದು.

ಬಿರಾನನ ತಾಯಿ ನೂರ್ಕಾಲ ಬಾಳಲಿ,
ಇನ್ನೊಂದಿತ್ತು.

ಈ ಸಲ ಪಟ್ಟಿಯನ್ನು ಮೂರು ಸಲ ನೋಡಿದೆ.
ಬಲ್ಬು ಮುಟ್ಟಿಸಿದೆ. ಕಾಯಿಸಿದೆ. ಆರಲು ಬಿಟ್ಟೆ.
ಪ್ಲಗ್ ಹಾಕುವಾಗ ಮುಖ ಆಚೆ ತಿರುಗಿಸಿಕೊಂಡೆ.
ಟಿಕ್.
ಒಂದೇ ಒಂದು.
ಆಮೇಲೆ ನೆಲದೊಳಗಿಂದ ಎದ್ದ ಹಾಗೆ
ಒಂದು ಗುಂಯ್.
ಫ್ರಿಜ್ಜಿನ ಮೇಲಿಟ್ಟ ಚಮಚಗಳು
ಒಂದಕ್ಕೊಂದು ತಾಗಿ ಹರಟೆಗೆ ಕೂತವು.

ಮೂರನೆಯ ದಿನ ಲಂಸಾನಾ ಗೇಟಿನ ಬಳಿ ಹಾದ.
ಕಲ್ಲಾದ ಪೊಟ್ಟಣವೊಂದನ್ನು ಕೈಗಿಟ್ಟೆ.
ಅವನೇನೂ ಕೇಳಲಿಲ್ಲ, ಮೂಲೆ ಕಚ್ಚಿ ಚೀಪಿದ.
ಐವತ್ತು ಫ್ರಾಂಕ್ ಮಾತ್ರ ಬಿಡಲಿಲ್ಲ ನಾನು.

ಆ ರಾತ್ರಿ ಮತ್ತೆ ಕರೆಂಟು ಹೋಯಿತು.
ಕತ್ತಲಲ್ಲೇ ಗೋಡೆ ತಡವುತ್ತ ಹೋಗಿ
ಮೊದಲು ಪ್ಲಗ್ ಕಿತ್ತೆ.
ದೀಪ ಹುಡುಕಿದ್ದು ಆಮೇಲೆ.